ಕಲ್ಲಿನ ಕೋಟೆ, ಮಣ್ಣಿನ ಕಡಂಗ

ಹೋದ ವರ್ಷ ನಮ್ಮ ಟೀಮಿನ ಹನ್ನೊಂದು ಜನ ‘ಕೂರ್ಗ್ ಟ್ರಿಪ್’ ಅಂತ ಹೊರಟಾಗ ಗೈಡ್ ಕೆಲಸ ನನ್ನ ತಲೆಗೆ ಬಿತ್ತು. ಅದೇ ಊರಿನವನಲ್ವಾ, ನೀನೇ ತೋರಿಸು ಅಂದ್ರು. ಅಬ್ಬಿ ಜಲಪಾತ, ರಾಜಾಸೀಟು ಮುಗಿಸಿಕೊಂಡು ಮಡಿಕೇರಿ ಕೋಟೆಗೆ ಕರೆದುಕೊಂಡು ಹೋದೆ. ಬಾಗಿಲು ದಾಟಿ ಒಳಗೆ ಹೋದರೆ ಅರಮನೆ, ಎರಡು ಗಾರೆ ಆನೆಗಳು, ಒಂದು ಕಾಲಕ್ಕೆ ಚರ್ಚ್ ಆಗಿದ್ದು ಈಗ ಮ್ಯೂಸಿಯಂ ಆಗಿರುವ ಕಟ್ಟಡ. ಎಲ್ಲರೂ ಆನೆ ಮುಂದೆ ನಿಂತು ಸೆಲ್ಫಿ ತೆಗೆದರು. ಇಪ್ಪತ್ತು ನಿಮಿಷದಲ್ಲಿ ಕೋಟೆ ಮುಗಿದುಹೋಯ್ತು.

ಟೀಮಿನಲ್ಲಿ ಚಿತ್ರದುರ್ಗದ ಹುಡುಗನೊಬ್ಬ ಇದ್ದಾನೆ. ಏಳು ಸುತ್ತಿನ ಕೋಟೆ ನೋಡಿ ಬೆಳೆದವನು. ಅವನು ಕೇಳಿದ: “ಇಷ್ಟೇನಾ ಗುರು? ಇಲ್ಲಿ ಯುದ್ಧ ಗಿದ್ದ ಏನಾದ್ರೂ ಆಗಿದ್ಯಾ?”

ಆಗಿದೆ ಅಂದೆ. ಏನಾಯ್ತು ಅಂದ. ಥಟ್ಟನೆ ಹೇಳಲಿಕ್ಕೆ ಆಗಲಿಲ್ಲ. ಯಾಕಂದ್ರೆ ಈ ಕೋಟೆಯ ಕಥೆ ಚಿತ್ರದುರ್ಗದ ಕಥೆಯ ಹಾಗಿಲ್ಲ. ಇಲ್ಲಿ ಕಿಂಡಿ ಇಲ್ಲ, ಒನಕೆ ಇಲ್ಲ, ಕಹಳೆ ಊದಲಿಲ್ಲ. ಎರಡು ಸಲ ಈ ಕೋಟೆ ಕೈ ಬದಲಾಯಿಸಿದೆ. ಒಂದು ಸಲ ಅಕ್ಕಿ ಖಾಲಿಯಾಗಿ, ಇನ್ನೊಂದು ಸಲ ನಂಬಿಕೆ ಖಾಲಿಯಾಗಿ. ಅವತ್ತು ಹೇಳಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಕೋಟೆಯ ಜಾತಕ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ, ಮಣ್ಣಿನ ಕೋಟೆ ಕಟ್ಟಿದ. ನೂರು ವರ್ಷದ ನಂತರ ಕೊಡಗು ಮೈಸೂರಿನ ಕೈಗೆ ಹೋದಾಗ ಟಿಪ್ಪು ಸುಲ್ತಾನ ಅದನ್ನು ಕಲ್ಲಿನಲ್ಲಿ ಗಟ್ಟಿ ಮಾಡಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಈಗ ನಾವು ನೋಡುವ ಅರಮನೆ ಇನ್ನೂ ಈಚಿನದು, ಲಿಂಗರಾಜೇಂದ್ರ 1812ರಿಂದ 1814ರವರೆಗೆ ಕಟ್ಟಿಸಿದ್ದು. ಅಂದರೆ ಗೋಡೆ ಒಬ್ಬನದು, ಮನೆ ಇನ್ನೊಬ್ಬನದು, ಚರ್ಚ್ ಮತ್ತೊಬ್ಬರದು.

ಮುತ್ತಿಗೆ ಅಂದ ಕೂಡಲೇ ನಮಗೆ ಫಿರಂಗಿ, ಏಣಿ, ಕುದಿಯುವ ಎಣ್ಣೆ ನೆನಪಾಗುತ್ತೆ. ಸಿನಿಮಾದ ತಪ್ಪು. ನಿಜವಾದ ಮುತ್ತಿಗೆಯಲ್ಲಿ ಮುಕ್ಕಾಲು ಪಾಲು ಕಾಯುವ ಕೆಲಸ. ಒಳಗಿರುವವನು ಹೊರಗಿನಿಂದ ಅಕ್ಕಿ ಬರುತ್ತಾ ಅಂತ ಕಾಯ್ತಾನೆ. ಹೊರಗಿರುವವನು ಒಳಗೆ ಅಕ್ಕಿ ಮುಗೀತಾ ಅಂತ ಕಾಯ್ತಾನೆ. ಯಾರ ಹೊಟ್ಟೆ ಗಟ್ಟಿಯೋ ಅವನು ಗೆದ್ದ.

ಮಡಿಕೇರಿಯ ಮೊದಲ ಕಥೆ ಇದೇ. ಕೊಡಗಿನ ರಾಜಕುಮಾರ ದೊಡ್ಡ ವೀರರಾಜೇಂದ್ರ ತನ್ನ ಮನೆಯವರ ಜೊತೆ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ. 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಕಾಡು ಸೇರಿದ. ಜನ ಸುತ್ತ ಸೇರಿದರು. ಒಂದೊಂದೇ ಠಾಣೆ ಬಿಡಿಸಿಕೊಳ್ಳುತ್ತಾ ಬಂದ. 1790ರಲ್ಲಿ ತಲಚೇರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರ ಜೊತೆ ಒಪ್ಪಂದವೂ ಆಯ್ತು. ಆದರೆ ಮಡಿಕೇರಿ ಕೋಟೆಯೊಳಗೆ ಜಾಫರ್ ಅಲಿ ಬೇಗ್ ಎಂಬ ಕಿಲ್ಲೇದಾರನ ಕೈಕೆಳಗೆ ಟಿಪ್ಪುವಿನ ಸೈನ್ಯ ಕೂತಿತ್ತು. ರಾಜನ ಬಳಿ ಗೋಡೆ ಒಡೆಯುವ ದೊಡ್ಡ ಫಿರಂಗಿಗಳಿರಲಿಲ್ಲ. ಇದ್ದದ್ದು ಕಾಡು, ಕಣಿವೆ, ದಾರಿ ಗೊತ್ತಿದ್ದ ಜನ. ಕೋಟೆಗೆ ಬರುವ ದಾರಿಗಳನ್ನೆಲ್ಲ ಕಟ್ಟಿ ಕೂತುಬಿಟ್ಟ.

ಒಳಗೆ ದವಸ ತೀರುತ್ತಾ ಬಂತು. ಅದನ್ನು ತುಂಬಲು ಟಿಪ್ಪು ಖಾದರ್ ಖಾನ್ ಎಂಬ ಸರದಾರನ ಜೊತೆ ಸೈನ್ಯ, ಸಾಮಾನು ಎರಡನ್ನೂ ಕಳಿಸಿದ. ಘಟ್ಟದ ದಾರಿಯಲ್ಲಿ ಕೊಡಗಿನವರು ಅವನನ್ನು ಮುತ್ತಿಕೊಂಡರು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ರಾಜ ಮನಸ್ಸು ಮಾಡಿದ್ದರೆ ಅಲ್ಲೇ ಮುಗಿಸಬಹುದಿತ್ತು. ಆದರೆ ರಾಜನ ಮನೆಯವರು ಸೆರೆಯಲ್ಲಿದ್ದಾಗ ಈ ಖಾದರ್ ಖಾನ್ ಅವರಿಗೆ ಉಪಕಾರ ಮಾಡಿದ್ದ. ಆ ಋಣ ರಾಜನಿಗೆ ನೆನಪಿತ್ತು. ನಿನ್ನ ಜೀವಕ್ಕೆ ಭಯವಿಲ್ಲ, ಹೋಗು ಅಂದ. ಖಾನನ ಕಷ್ಟ ಬೇರೆಯಿತ್ತು. ಸಾಮಾನು ಕೋಟೆಗೆ ಮುಟ್ಟಿಸದೆ ಬರಿಗೈಲಿ ವಾಪಸ್ ಹೋದರೆ ಸುಲ್ತಾನ ತನ್ನನ್ನೂ ತನ್ನ ಸಂಸಾರವನ್ನೂ ಬಿಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಆಗ ವೀರರಾಜೇಂದ್ರ ಮಾಡಿದ ಕೆಲಸವನ್ನು ಯಾವ ಯುದ್ಧತಂತ್ರದ ಪುಸ್ತಕವೂ ಒಪ್ಪಲಿಕ್ಕಿಲ್ಲ. ತಾನೇ ಹಸಿವಿನಲ್ಲಿ ಕೆಡವಬೇಕು ಅಂತಿದ್ದ ಕೋಟೆಯೊಳಗೆ ದವಸ ಹೋಗಲು ದಾರಿ ಬಿಟ್ಟ. ಖಾದರ್ ಖಾನ್ ಸಾಮಾನು ಒಪ್ಪಿಸಿದ, ಮಾನ ಉಳಿಸಿಕೊಂಡು ವಾಪಸ್ ಹೋದ. ಆಮೇಲೆ ರಾಜ ಮತ್ತೆ ದಾರಿ ಕಟ್ಟಿದ. ಮತ್ತೆ ಕಾದ. ಬಂದಿದ್ದ ದವಸವೂ ಒಂದು ದಿನ ಮುಗೀತು. ಜಾಫರ್ ಅಲಿ ಬೇಗ್ ಕೋಟೆ ಒಪ್ಪಿಸಿದ. ಸೋತ ಸೈನ್ಯವನ್ನು ಕೊಲ್ಲದೆ ಅವರ ನಾಡಿಗೆ ಹೋಗಲು ಬಿಟ್ಟ. ಕಂಪನಿಯ ಅಧಿಕಾರಿ ಕರ್ನಲ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸದಲ್ಲಿ ಈ ಪ್ರಸಂಗ ಬರುತ್ತದೆ. ಮಿತ್ರಪಕ್ಷದ ಲೆಕ್ಕಾಚಾರಕ್ಕೆ ಹೊಂದದ ಈ ನಡತೆಯನ್ನು ಬಾಯ್ತುಂಬ ಹೊಗಳದೆ ಇರಲು ಅವನಿಂದಲೂ ಆಗಿಲ್ಲ.

ಇದನ್ನು ಓದಿ ವೀರರಾಜೇಂದ್ರ ದೇವರು ಅಂದುಕೊಳ್ಳಬೇಡಿ. ಇದೇ ರಾಜ ಕೊನೆಗಾಲದಲ್ಲಿ ಸಂಶಯದ ಹುಳ ತಲೆಗೆ ಹೊಕ್ಕು ತನ್ನವರನ್ನೇ ಕೊಲ್ಲಿಸಿದ. ಆ ಹುಳ ಅವನ ಜೊತೆ ಸಾಯಲಿಲ್ಲ. ಎರಡನೇ ಕಥೆಗೆ ನೇರವಾಗಿ ನಡೆದು ಬಂತು.

ಎರಡನೇ ಕಥೆ 1834ರದು. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯಿಂದ. ವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರನ ಮಗ ಈ ಚಿಕ್ಕ ವೀರರಾಜೇಂದ್ರ. 1820ರಲ್ಲಿ ಪಟ್ಟಕ್ಕೆ ಬಂದ. ಪಟ್ಟಕ್ಕೆ ಯಾರು ಅಡ್ಡ ಬರಬಹುದು ಅನಿಸಿತೋ ಅವರನ್ನೆಲ್ಲ ತೆಗೆಸಿದ. 1832ರಲ್ಲಿ ಸ್ವಂತ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸಪ್ಪ ಇಬ್ಬರೂ ಜೀವಭಯದಿಂದ ಓಡಿಹೋಗಿ ಮೈಸೂರಿನ ಬ್ರಿಟಿಷ್ ರೆಸಿಡೆಂಟನ ಮೊರೆ ಹೊಕ್ಕರು. ಅವರನ್ನು ಕಳಿಸಿಕೊಡಿ ಅಂತ ರಾಜ, ಕಳಿಸಲ್ಲ ಅಂತ ಕಂಪನಿ. ಪತ್ರದ ಮೇಲೆ ಪತ್ರ ಹೋಗಿ ಬಂದು, ಕೊನೆಗೆ ಗವರ್ನರ್ ಜನರಲ್ ಬೆಂಟಿಂಕ್ ಯುದ್ಧಕ್ಕೆ ಅಪ್ಪಣೆ ಕೊಟ್ಟ.

1834ರ ಏಪ್ರಿಲ್ ಮೊದಲ ವಾರದಲ್ಲಿ ಆರು ಸಾವಿರಕ್ಕೂ ಹೆಚ್ಚು ಸೈನಿಕರು ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿದರು. ಪೂರ್ವದ ಮೈಸೂರು ಕಡೆಯಿಂದ ಕರ್ನಲ್ ಲಿಂಡ್ಸೆ. ಕಣ್ಣೂರು ಕಡೆಯಿಂದ ಹೆಗ್ಗಳದ ಘಟ್ಟ ಹತ್ತಿ ಕರ್ನಲ್ ಫೌಲಿಸ್. ಕುಂಬಳೆ ಕಡೆಯಿಂದ ಕರ್ನಲ್ ಜಾಕ್ಸನ್. ಉತ್ತರದಿಂದ ನಮ್ಮ ಶನಿವಾರಸಂತೆ, ಸೋಮವಾರಪೇಟೆ ಸೀಮೆಗೆ ಕರ್ನಲ್ ವಾ. ಲಿಂಡ್ಸೆಯ ಜೊತೆ ರಾಜಕೀಯ ವ್ಯವಹಾರಕ್ಕೆ ಕರ್ನಲ್ ಫ್ರೇಸರ್ ಇದ್ದ. ಕುಶಾಲನಗರಕ್ಕೆ ಬಹಳ ಕಾಲ ಫ್ರೇಸರ್‌ಪೇಟೆ ಅನ್ನುವ ಹೆಸರು ಇದ್ದದ್ದು ಇವನಿಂದಲೇ.

ಈಗ ಒಂದು ವಿಚಿತ್ರ ನೋಡಿ. ಕಲ್ಲಿನ ಕೋಟೆ ಇದ್ದದ್ದು ಮಡಿಕೇರಿಯಲ್ಲಿ. ಲಡಾಯಿ ಆದದ್ದು ಕೋಟೆಯೇ ಇಲ್ಲದ ಕಡೆ.

ಉತ್ತರದ ದಂಡು ಏಪ್ರಿಲ್ 3ರಂದು ಸೋಮವಾರಪೇಟೆ ಸೀಮೆಯಲ್ಲಿ, ಬ್ರಿಟಿಷರ ಬರಹಗಳಲ್ಲಿ ‘ಬಕ್’ ಅಂತ ಬರುವ ಜಾಗದಲ್ಲಿ, ಒಂದು ಒಡ್ಡಿಗೆ ಬಂದು ಡಿಕ್ಕಿ ಹೊಡೆಯಿತು. ಮರದ ದಿಮ್ಮಿ, ಮಣ್ಣು, ಮುಂದೆ ಕಡಿದು ಕೆಡವಿದ ಮರಗಳು, ಸುತ್ತ ದಟ್ಟ ಕಾಡು. ಒಳಗೆ ಮಾತಂಡ ಅಪ್ಪಚ್ಚು ಮತ್ತು ಅವನ ಜನ. ದೊರೆಯ 55ನೇ ರೆಜಿಮೆಂಟಿನ ಗೋರಾ ಸಿಪಾಯಿಗಳೇ ನುಗ್ಗಿದರೂ ಒಡ್ಡು ಬಗ್ಗಲಿಲ್ಲ. ಆ ರೆಜಿಮೆಂಟಿನ ಕರ್ನಲ್ ಮಿಲ್ ಅಲ್ಲೇ ಸತ್ತ. ದಂಡು ಹಿಂದೆ ಸರಿಯಿತು. ಇತ್ತ ಕುಂಬಳೆ ಕಡೆಯಿಂದ ಬಂದ ಜಾಕ್ಸನ್ ಕೂಡ ಕಾಡಿನ ಒಡ್ಡುಗಳ ಮುಂದೆ ಏಟು ತಿಂದು ಕಾಸರಗೋಡಿನ ದಾರಿ ಹಿಡಿದ. ಆ ಕಾಲದ ದಕ್ಷಿಣ ಭಾರತದಲ್ಲಿ ಕಂಪನಿಗೆ ದೊಡ್ಡ ಎದುರಾಳಿಗಳೇ ಉಳಿದಿರಲಿಲ್ಲ ಅನ್ನೋದು ನೆನಪಿಟ್ಟುಕೊಳ್ಳಿ. ಮರಾಠರು ಮುಗಿದಿದ್ದರು, ಮೈಸೂರನ್ನು 1831ರಲ್ಲೇ ಕಂಪನಿ ಆಡಳಿತಕ್ಕೆ ತಗೊಂಡಾಗಿತ್ತು. ಅಂಥ ಕಂಪನಿಯ ನಾಲ್ಕು ದಂಡುಗಳಲ್ಲಿ ಎರಡನ್ನು ಈ ಗುಡ್ಡದ ಜನ ತಿರುಗಿಸಿ ಕಳಿಸಿದರು.

ಹಾಗಾದರೆ ಕೋಟೆ? ಏಪ್ರಿಲ್ 6ಕ್ಕೆ ಲಿಂಡ್ಸೆ ಮಡಿಕೇರಿ ಕೋಟೆಯ ಮೇಲೆ ಬಾವುಟ ಹಾರಿಸಿದ. ಮುತ್ತಿಗೆ ಇಲ್ಲ, ಫಿರಂಗಿ ಇಲ್ಲ. ಕುಶಾಲನಗರದಿಂದ ಮಡಿಕೇರಿಗೆ ಅವನಿಗೆ ದಾರಿ ಬಿಟ್ಟುಕೊಟ್ಟವನು ರಾಜನ ಸ್ವಂತ ದಿವಾನ ಅಪ್ಪಾರಂಡ ಬೋಪು. ರಾಜ ಆಗ ಕೋಟೆಯಲ್ಲೇ ಇರಲಿಲ್ಲ. ಹೆಂಡಿರು ಮಕ್ಕಳ ಜೊತೆ ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡು ಅರಮನೆಗೆ ಹೋಗಿ ಕೂತಿದ್ದ. ಏಪ್ರಿಲ್ 10ಕ್ಕೆ ಶರಣಾದ. ಮೇ 7ಕ್ಕೆ ಕೊಡಗನ್ನು ಕಂಪನಿಗೆ ಸೇರಿಸಿಕೊಂಡ ಪ್ರಕಟಣೆ ಬಂತು. ಜನರ ಒಮ್ಮತದ ಇಚ್ಛೆ ಅಂತ ಕಾರಣ ಬರೆದಿದ್ದರು.

ಬೋಪುವನ್ನು ದ್ರೋಹಿ ಅನ್ನುವವರಿದ್ದಾರೆ, ನಾಡು ಉಳಿಸಿದ ಅನ್ನುವವರೂ ಇದ್ದಾರೆ. ಈ ಜಗಳ ಊರಿನ ಮದುವೆ ಮನೆಗಳಲ್ಲಿ ಈಗಲೂ ನಡೆಯುತ್ತೆ. ನಾನು ತೀರ್ಪು ಕೊಡೋ ಜಾಗದಲ್ಲಿಲ್ಲ. ಆದರೆ ಸ್ವಂತ ತಂಗಿಯೇ ನಂಬದ ರಾಜನನ್ನು ದಿವಾನ ಯಾಕೆ ನಂಬಬೇಕಿತ್ತು? ನಮ್ಮ ಕೆಲಸದಲ್ಲೂ ನೋಡಿದ್ದೇನೆ: ಎಲ್ಲ ಪಾಸ್‌ವರ್ಡ್ ಒಬ್ಬನ ಕೈಯಲ್ಲಿ, ಅವನಿಗೆ ಬೇರೆ ಯಾರ ಮೇಲೂ ನಂಬಿಕೆ ಇಲ್ಲ. ಹೊರಗಿನಿಂದ ನೋಡಿದರೆ ಭದ್ರ ವ್ಯವಸ್ಥೆ. ಅವನು ಕೈ ಎತ್ತಿದ ದಿನ ಇಡೀ ವ್ಯವಸ್ಥೆ ಮಲಗುತ್ತೆ. ಅಪ್ಪಚ್ಚುವಿನ ಜನ ಗಡಿಯಲ್ಲಿ ಪ್ರಾಣ ಕೊಡುತ್ತಿದ್ದ ಅದೇ ಹೊತ್ತಿಗೆ ನಡುಮನೆ ಕೈ ಎತ್ತಿತ್ತು.

ಇನ್ನೊಂದು ಮಾತಿದೆ. ಕಲ್ಲಿಗಿಂತ ಮಣ್ಣು ಗಟ್ಟಿ ಅನ್ನೋದು ಕೊಡಗಿನವರ ಜಂಬದ ಮಾತು ಮಾತ್ರ ಅಲ್ಲ. ಸುಮಾರು 20–40 ವರ್ಷದ ನಂತರ ದೊಡ್ಡ ಸಾಮ್ರಾಜ್ಯಗಳೂ ಇದೇ ಪಾಠವನ್ನು ದುಬಾರಿ ಫೀಸು ಕೊಟ್ಟು ಕಲಿತವು. ಈಗಿನ ಟರ್ಕಿಯ ಪೂರ್ವದ ಮೂಲೆಯಲ್ಲಿ ಕಾರ್ಸ್ ಅಂತ ಆಟೊಮನ್ ತುರ್ಕರ ಕೋಟೆ ಊರು. 1855ರಲ್ಲಿ ರಷ್ಯನ್ನರು ಮುತ್ತಿಗೆ ಹಾಕಿದರು. ಊರ ಸುತ್ತ ತುರ್ಕರು ಮಣ್ಣಿನ ದಿಬ್ಬ, ಕಂದಕಗಳನ್ನು ಮಾಡಿಕೊಂಡಿದ್ದರು. ಸೆಪ್ಟೆಂಬರ್ 29ರಂದು ರಷ್ಯನ್ನರು ಮೇಲೆ ಬಿದ್ದಾಗ ಸಾವಿರಾರು ಜನರನ್ನು ಕಳಕೊಂಡು ಹಿಂದೆ ಹೋದರು. ಆದರೆ ಮುತ್ತಿಗೆ ಬಿಡಲಿಲ್ಲ. ನವೆಂಬರ್ ಕೊನೆಗೆ ಊರಲ್ಲಿ ತಿನ್ನಲು ಏನೂ ಉಳಿಯಲಿಲ್ಲ, ಕಾರ್ಸ್ ಶರಣಾಯ್ತು.

1877ರಲ್ಲಿ ಈಗಿನ ಬಲ್ಗೇರಿಯಾದ ಪ್ಲೆವ್ನಾದಲ್ಲೂ ಅದೇ. ಅಲ್ಲಿ ಹೇಳಿಕೊಳ್ಳುವಂಥ ಕಲ್ಲಿನ ಕೋಟೆಯೇ ಇರಲಿಲ್ಲ. ಉಸ್ಮಾನ್ ಪಾಷಾ ತನ್ನ ಸೈನಿಕರ ಕೈಗೆ ಗುದ್ದಲಿ ಕೊಟ್ಟು ಗುಡ್ಡಗಳ ಮೇಲೆ ಮಣ್ಣಿನ ಕೋಟೆ ಎಬ್ಬಿಸಿದ. ರಷ್ಯಾದ ಸೈನ್ಯ ಮೂರು ಸಲ ನುಗ್ಗಿ ಮೂರು ಸಲವೂ ಸೋತಿತು. ಕೊನೆಗೆ ಸುತ್ತ ಬೇಲಿ ಹಾಕಿ ಕೂತರು. ಡಿಸೆಂಬರ್ 10ಕ್ಕೆ, ಸುಮಾರು ಐದು ತಿಂಗಳಾದ ಮೇಲೆ, ಹಸಿದ ತುರ್ಕರು ಬೇಲಿ ಮುರಿದು ಹೊರಬರಲು ನೋಡಿ ಆಗದೆ ಶರಣಾದರು. ಗಾಯಗೊಂಡಿದ್ದ ಉಸ್ಮಾನ್ ಪಾಷಾನ ಕತ್ತಿಯನ್ನು ರಷ್ಯನ್ನರು ಗೌರವದಿಂದ ವಾಪಸ್ ಕೊಟ್ಟರು. ಅದನ್ನು ಓದಿದಾಗ ನನಗೆ ಮಡಿಕೇರಿಯಿಂದ ಜೀವಂತ ಹೊರಗೆ ಹೋದ ಜಾಫರ್ ಅಲಿ ಬೇಗನ ಸೈನಿಕರು ನೆನಪಾದರು.

ಮಡಿಕೇರಿ, ಕಾರ್ಸ್, ಪ್ಲೆವ್ನಾ ಮೂರೂ ಕಡೆ ಹೊರಗಿನವನು ಗೋಡೆ ಒಡೆದು ಒಳಗೆ ಬರಲಿಲ್ಲ. ಒಳಗಿದ್ದವರಿಗೆ ಹಸಿವಾಯ್ತು. ಮತ್ತೆ ಬಂದೂಕಿನ ಮುಂದೆ ನಿಂತದ್ದು ಕೆತ್ತಿದ ಕಲ್ಲಿಗಿಂತ ಹೆಚ್ಚಾಗಿ ಅಗೆದ ಮಣ್ಣು.

ಈಗ ನಮ್ಮ ಮನೆಗೆ ಬರೋಣ.

ಕೊಡಗಿನಲ್ಲಿ ಅಗೆದ ಮಣ್ಣಿಗೆ ಒಂದು ಹೆಸರಿದೆ: ಕಡಂಗ. ಯುದ್ಧದ ಕಂದಕ. ಒಂದು ಕಡೆ ಆಳದ ಅಗಳು, ಅದೇ ಮಣ್ಣು ಎತ್ತಿ ಹಾಕಿದ ದಿಬ್ಬ ಇನ್ನೊಂದು ಕಡೆ. ಗುಡ್ಡ ಹತ್ತಿ, ಕಾಡು ದಾಟಿ, ಗದ್ದೆ ಅಂಚಿನಲ್ಲಿ ಇಳಿದು ಮೈಲಿಗಟ್ಟಲೆ ಹೋಗುತ್ತವೆ. ಹಾಲೇರಿ ರಾಜರು ಬರುವುದಕ್ಕೂ ಎಷ್ಟೋ ಹಿಂದಿನಿಂದ, ನಾಡು ನಾಡುಗಳು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಕಾಲದಿಂದ ಇವೆ. ಆಮೇಲೆ ಹೊರಗಿನಿಂದ ಬಂದ ಸೈನ್ಯಗಳಿಗೂ ಇವೇ ಅಡ್ಡ ಬಂದವು. ಕೊಡಗಿನ ಊರುಗಳ ಹೆಸರಿನಲ್ಲೇ ಇದು ಸೇರಿಹೋಗಿದೆ. ಈಗ ಆನೆ ಬಾರದಿರಲಿ ಅಂತ ಅರಣ್ಯ ಇಲಾಖೆ ತೋಡಿಸುವ ಕಂದಕ ನೋಡಿದ್ದೀರಲ್ಲ, ಅಂಥದ್ದೇ. ಒಂದೇ ವ್ಯತ್ಯಾಸ, ಇವನ್ನು ಅಗೆದದ್ದು ಜೆಸಿಬಿ ಅಲ್ಲ.

ಶನಿವಾರಸಂತೆ ಹತ್ತಿರದ ನಮ್ಮ ತೋಟದ ಮೇಲ್ಭಾಗದಲ್ಲಿ ಇಂಥ ಒಂದು ಕಡಂಗದ ತುಂಡು ಹಾದುಹೋಗುತ್ತೆ. ಚಿಕ್ಕವನಿದ್ದಾಗ ಅದು ನಮಗೆ ಕಳ್ಳ-ಪೊಲೀಸ್ ಆಡುವ ಜಾಗ. ಅಜ್ಜ ಅದರೊಳಗೆ ಇಳಿಯುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ಯಾಕೆ ಅಂತ ನಾನು ಕೇಳಲೇ ಇಲ್ಲ.

2017ರಲ್ಲಿ ಅಪ್ಪ ಫೋನ್ ಮಾಡಿ, ಕಾಫಿ ಒಣಗಿಸೋ ಕಣ ಸಾಲ್ತಿಲ್ಲ, ಮೇಲಿನ ಕಡಂಗ ಮುಚ್ಚಿ ಸಮ ಮಾಡಿದ್ರೆ ಒಳ್ಳೆ ಜಾಗ ಸಿಗುತ್ತೆ ಅಂದ್ರು. ನಾನು ಆಫೀಸಿನಲ್ಲಿ ಎರಡು ಮೀಟಿಂಗ್ ನಡುವೆ ಇದ್ದೆ. “ಮಾಡ್ಸಿ ಅಪ್ಪಾ, ದುಡ್ಡು ಹಾಕ್ತೀನಿ” ಅಂದೆ. ಮೊಬೈಲಿನಲ್ಲೇ ಹಣ ಕಳಿಸಿದೆ. ಒಂದು ದಿನದ ಕೆಲಸ. ಎಷ್ಟು ತಲೆಮಾರಿನವರು ಗುದ್ದಲಿ ಹಿಡಿದು ಅಗೆದದ್ದೋ, ಸಂಜೆಯೊಳಗೆ ಮಟ್ಟ ಆಯ್ತು. ಅಪ್ಪ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು, ನಾನು ಹೆಬ್ಬೆರಳು ಎತ್ತಿದೆ.

ಮುಂದಿನ ಆಗಸ್ಟ್ ಯಾವುದು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. 2018ರ ಮಳೆ. ಬೇರೆ ಕಡೆ ಗುಡ್ಡಕ್ಕೆ ಗುಡ್ಡವೇ ಕುಸಿದು ಮನೆ, ಜೀವ ಎಲ್ಲ ಹೋಯ್ತು, ಅದರ ಮುಂದೆ ನಮ್ಮದು ಹೇಳುವಂಥ ನಷ್ಟವೇ ಅಲ್ಲ. ಆದರೂ ಹೇಳ್ತೀನಿ. ಮೇಲಿನ ಗುಡ್ಡದ ನೀರು ಅಷ್ಟು ವರ್ಷವೂ ಕಡಂಗದಲ್ಲಿ ಇಳಿದು ಪಕ್ಕದ ಹಳ್ಳ ಸೇರುತ್ತಿತ್ತು. ಈಗ ಅದಕ್ಕೆ ದಾರಿ ಇರಲಿಲ್ಲ. ಹೊಸ ಕಣದ ಮೇಲೆ ಹರಿದು, ಕಣವನ್ನೂ ಅದರ ಕೆಳಗಿನ ನಲವತ್ತು ಕಾಫಿ ಗಿಡಗಳನ್ನೂ ಎಳಕೊಂಡು ಹೋಯ್ತು. ಶತ್ರು ಬಾರದಿರಲಿ ಅಂತ ಅಗೆದವರು ನೀರಿನ ಲೆಕ್ಕವನ್ನೂ ಹಾಕಿದ್ದರಾ? ಹಾಕಿದ್ದರು ಅಂತ ಹೇಳಿ ಅವರನ್ನು ಋಷಿ ಮಾಡಲು ಹೋಗಲ್ಲ. ಆದರೆ ಆ ಗುಡ್ಡ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಷ್ಟಂತೂ ನಿಜ.

ಟ್ರಿಪ್ಪಿನ ಎರಡನೇ ದಿನ ಎಲ್ಲರನ್ನೂ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಊಟ ಆದಮೇಲೆ ದುರ್ಗದ ಹುಡುಗನನ್ನು ಮಾತ್ರ ಮೇಲೆ ಕರೆದುಕೊಂಡು ಹೋಗಿ ಉಳಿದಿರುವ ಕಡಂಗ ತೋರಿಸಿದೆ. ಒಂದಿನ್ನೂರು ಅಡಿ ಉಳಿದಿದೆ. ಲಂಟಾನ, ಜರಿಗಿಡ ಬೆಳೆದು ಮುಚ್ಚಿಕೊಂಡಿದೆ. ಅವನು ಒಳಗೆ ಇಳಿದ. ಆರಡಿ ಆಳು, ತಲೆಯೂ ಕಾಣಲಿಲ್ಲ. ಒಳಗಿನಿಂದ ಧ್ವನಿ ಬಂತು: “ಗುರು, ಕೋಟೆ ಅಂದ್ರೆ ಇದಪ್ಪಾ! ಇದಕ್ಕೊಂದು ಬೋರ್ಡ್ ಇಲ್ವಾ?”

ಇಲ್ಲ. ಮಡಿಕೇರಿ ಕೋಟೆಗೆ ಬೋರ್ಡ್ ಇದೆ, ಕಟ್ಟಿಸಿದ ರಾಜರ ಹೆಸರಿದೆ. ಅಲ್ಲಿ 1834ರಲ್ಲಿ ಒಂದು ಗುಂಡೂ ಹಾರಲಿಲ್ಲ. ಇಲ್ಲಿ, ಈ ಸೀಮೆಯಲ್ಲಿ, ಒಂದು ಸಾಮ್ರಾಜ್ಯದ ದಂಡನ್ನು ತಡೆದವರ ಪೈಕಿ ನಮಗೆ ಉಳಿದಿರುವುದು ಒಬ್ಬಿಬ್ಬರ ಹೆಸರು. ಮಣ್ಣು ಅಗೆದವರದ್ದು, ದಿಮ್ಮಿ ಹೊತ್ತವರದ್ದು ಯಾವ ಪುಸ್ತಕದಲ್ಲೂ ಇಲ್ಲ. ಅವರ ಸಹಿ ಇರೋದು ಈ ಕಡಂಗಗಳಲ್ಲಿ ಮಾತ್ರ. ಅದರಲ್ಲಿ ಒಂದಷ್ಟನ್ನು ಅಳಿಸಲು ದುಡ್ಡು ಕೊಟ್ಟವನು ನಾನು.

ನಾವು ಕೆಳಗೆ ಇಳಿದು ಬಂದಾಗ ಅಪ್ಪ ಕಾಫಿ ಕೊಟ್ಟು ಕೂತರು. ಆ ಉಳಿದ ಇನ್ನೂರು ಅಡಿಯ ಮಾತನ್ನೇ ತೆಗೆದರು. ಪಿಕಪ್ ಮೇಲಿನ ತೋಟಕ್ಕೆ ಹೋಗಲು ಒಂದು ರಸ್ತೆ ಬೇಕು, ಕಡಂಗ ಮುಚ್ಚಿದರೆ ನೇರ ಹೋಗುತ್ತೆ.

“ಬೇಡಪ್ಪಾ, ಸುತ್ತು ಹಾಕ್ಕೊಂಡು ಹೋಗ್ಲಿ” ಅಂದೆ.

“ಸುತ್ತು ಹಾಕಿದ್ರೆ ಡಬಲ್ ಖರ್ಚು ಕಣೋ. ಜಲ್ಲಿ, ಮೋರಿ ಎಲ್ಲ ಬೇಕು.”

“ಆಗ್ಲಿ.”

ಅಪ್ಪ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, “ನಿಮ್ಮಜ್ಜಾನೂ ಹಿಂಗೇ ಅಂತಿದ್ರು. ಸರಿ, ಬಿಲ್ಲು ನೀನೇ ಕಟ್ಟು” ಅಂದ್ರು.

ಕಟ್ಟುತ್ತಿದ್ದೇನೆ. ಇನ್ನೂ ಎರಡು ಕಂತು ಬಾಕಿ ಇದೆ.